ಕೊನೆಯಲ್ಲಿ ಕಬ್ಬಿಣ

ಜನವರಿ 12

ಪುಟ್ಟನಿಗೆ,

ನೀನು ಗೋದಾಮಿನಿಂದ ಕಳಿಸಿದ ನಾಲ್ಕು ವಿಸ್ಕಿ ಸ್ಯಾಂಪಲ್ ಬಂದವು. ಒಂದರ ಬಿರಡೆ ಸಡಿಲವಾಗಿತ್ತು. ಮುಂದೆ ಹಾಗಾಗಬಾರದು. ಅಪ್ಪನ ಪದ್ಧತಿಯಂತೆ ನನ್ನ ಟಿಪ್ಪಣಿ ಬರೆದು ಮುಗಿಸಿದ ಮೇಲೆಯೇ ನಿನ್ನ ಟಿಪ್ಪಣಿಯ ಲಕೋಟೆ ಒಡೆದೆ. ಏಳನೆಯ ಪೀಪಾಯಿಗೆ ಇಬ್ಬರೂ ಒಂದೇ ಮಾತು ಬರೆದಿದ್ದೇವೆ: ಒದ್ದೆ ಹಗ್ಗ, ಒಣಗಿದ ಕಿತ್ತಳೆ ಸಿಪ್ಪೆ. ಅಷ್ಟು ದೂರ ಕೂತ ಎರಡು ಮೂಗು ಒಂದೇ ಮಾತಾಡಿದರೆ ಆ ಪೀಪಾಯಿ ಪಾಸು. ಬಾಟಲಿಗೆ ತುಂಬಿಸು. ಒಂದು ಹನಿ ನೀರೂ ಬೆರೆಸಬೇಡ. ಪೀಪಾಯಿಯಿಂದ ಬಂದ ಖಾರದಲ್ಲೇ ಹೋಗಲಿ, ಶೇಕಡಾ ಐವತ್ತೊಂಬತ್ತು ಆಲ್ಕೋಹಾಲ್.

ನಿನ್ನೆ ಅಂಗಡಿಗೆ ಒಬ್ಬ ವಕೀಲ ಬಂದಿದ್ದ. ಶೇಕಡಾ ಅರುವತ್ತೆರಡರ ಸಿಂಗಲ್ ಮಾಲ್ಟ್ ಸ್ಕಾಚಿಗೆ ಐಸು ಕೇಳಿದ. ಕೈಯಿಂದ ಗ್ಲಾಸು ಕಿತ್ತುಕೊಂಡೆ. "ಏನಮ್ಮ, ಕುಡಿಯೋನು ನಾನು ತಾನೆ?" ಅಂದ. "ಕುಡಿಯೋಕೆ ಬಾಯಿ ಸಾಕು. ಇಲ್ಲಿಗೆ ಬರೋಕೆ ಮೂಗು ಬೇಕು" ಅಂದು ಬಾಗಿಲು ತೋರಿಸಿದೆ. ಹೋಗುವಾಗ ಗೋಡೆಯ ಮೇಲೆ ಕಟ್ಟು ಹಾಕಿಸಿರುವ ನನ್ನ ಹಳೆಯ ಟಿಪ್ಪಣಿಯ ಮುಂದೆ ನಿಂತ. ಎಲ್ಲರೂ ಅಲ್ಲಿ ನಿಲ್ಲುತ್ತಾರೆ. 'ಉಪ್ಪುಗಾಳಿ, ಸುಟ್ಟ ಸಕ್ಕರೆ, ಹಳೆಯ ಚರ್ಮದ ಚೀಲ. ಕೊನೆಯಲ್ಲಿ ಕಬ್ಬಿಣ.' ನಮ್ಮ ಮನೆಗೆ ಹೆಸರು ತಂದದ್ದು ಆ ಒಂದು ಸಾಲು.

ಈಗ ಮುಖ್ಯ ವಿಷಯ. ನನ್ನ ಮಕ್ಕಳಲ್ಲಿ ದೊಡ್ಡವನನ್ನು ನಿನ್ನಲ್ಲಿಗೆ ಕಳಿಸುತ್ತಿದ್ದೇನೆ. ಅವನಿಗೆ ಇಪ್ಪತ್ತೊಂಬತ್ತು ತುಂಬಿತು. ಗಿರಾಕಿಗಳ ಮುಂದೆ ನಗುತ್ತ ನಿಂತದ್ದು ಸಾಕು, ಇನ್ನು ಗೋದಾಮು ಅವನ ಕೈಗೆ ಬರಬೇಕು. ನಿನಗೆ ನೆನಪಿರಬಹುದು, ಹತ್ತೊಂಬತ್ತರಲ್ಲೇ ಮೂರು ಗ್ಲಾಸಿನ ಪರೀಕ್ಷೆ ಪಾಸಾದವನು. ಎರಡರಲ್ಲಿ ಒಂದೇ ಮಾಲು, ಒಂದರಲ್ಲಿ ಬೇರೆ. ಬೇರೆಯದನ್ನು ಮೊದಲ ಸಲಕ್ಕೇ ಎತ್ತಿ ಕೊಟ್ಟ. ಅಪ್ಪನ ಮೂಗು ಅವನಿಗೆ ಬಂದಿದೆ.

ಕನಿಕರ ತೋರಿಸಬೇಡ. ತಪ್ಪು ಹೇಳಿದರೆ ಅಪ್ಪ ರೂಲುದೊಣ್ಣೆಯಲ್ಲಿ ನಮ್ಮ ಬೆರಳಿಗೆ ಹೊಡೆಯುತ್ತಿದ್ದರು. ನನ್ನ ಕಿರುಬೆರಳು ಇವತ್ತಿಗೂ ಸೊಟ್ಟ. ಬೆರಳು ಸೊಟ್ಟಗಾಯಿತು, ಮೂಗು ನೆಟ್ಟಗಾಯಿತು.

ಅಕ್ಕ


ಫೆಬ್ರವರಿ 3

ಅಕ್ಕ,

ದೊಡ್ಡವನು ಬಂದ. ಎರಡು ಸೂಟ್‌ಕೇಸು, ನಾಲ್ಕು ಜೊತೆ ಬೂಟು. ಪೀಪಾಯಿ ಮೇಸ್ತ್ರಿ ಬೂಟುಗಳನ್ನು ನೋಡಿ, "ಸಣ್ಣ ಯಜಮಾನ್ರಿಗೆ ಎಷ್ಟು ಕಾಲು?" ಎಂದು ಕೇಳಿದ. ಇವನೂ ನಕ್ಕ. ಒಳ್ಳೆಯ ಹುಡುಗ. ಮೊದಲ ದಿನವೇ ಪೀಪಾಯಿ ಉರುಳಿಸಲು ಕೈ ಹಾಕಿದ.

ಇದರ ಜೊತೆ ಹದಿನೇಳನೆಯ ಪೀಪಾಯಿಯ ಸ್ಯಾಂಪಲ್ ಇದೆ, ಶೇಕಡಾ ಅರುವತ್ಮೂರು. ಟಿಪ್ಪಣಿಯನ್ನು ಲಕೋಟೆಯಲ್ಲಿ ಇಡದೆ ಇಲ್ಲೇ ಬರೆಯುತ್ತೇನೆ, ಕ್ಷಮಿಸು. ಬಿರಡೆ ತೆಗೆದರೆ ಸಾಕು, ಗೋದಾಮಿನ ತುಂಬ ಹೊಗೆ. ಒದ್ದೆ ಬೂದಿ, ಆಸ್ಪತ್ರೆಯ ನೆಲ, ಸಮುದ್ರದ ಪಾಚಿ. ಆದರೆ ಆ ಹೊಗೆಯ ಕೆಳಗೆ ಗಂಧಕ ಕೂತಿದೆ, ಈಗಷ್ಟೇ ಗೀರಿದ ಬೆಂಕಿಕಡ್ಡಿಯ ಹಾಗೆ. ಎರಡು ವರ್ಷ ಕಾಯೋಣ. ಈಗ ತುಂಬಿಸಿದರೆ ಮನೆಯ ಹೆಸರು ಹೋಗುತ್ತದೆ.

ಒಂದು ಮಾತು ಕೇಳಲೇ? ದೊಡ್ಡವನು ಗ್ಲಾಸು ಎತ್ತುವ ಮೊದಲು ಬಗ್ಗಿ ಮೇಜಿನ ಅಂಚನ್ನು ನೋಡುತ್ತಾನೆ. ಏಕೆಂದು ತಿಳಿಯಲಿಲ್ಲ. ಮೂಸುವಾಗ ಕಣ್ಣು ಮುಚ್ಚುವುದಿಲ್ಲ, ನನ್ನ ಮುಖವನ್ನೇ ನೋಡುತ್ತಾನೆ. ಈ ಹದಿನೇಳನ್ನು ಕೊಟ್ಟಾಗ, "ಹೂವಿನ ಥರ ಇದೆ ಮಾವ" ಅಂದ. ಮೇಸ್ತ್ರಿ ಕೆಮ್ಮುತ್ತ ಹೊರಗೆ ಹೋದ. ನೆಗಡಿಯೇ ಎಂದು ದೊಡ್ಡವನನ್ನು ಕೇಳಿದೆ. "ಹೂಂ, ಚಿಕ್ಕಂದಿನಿಂದ" ಅಂದ. ಅಂದಿನ ಪರೀಕ್ಷೆಯಲ್ಲಿ ಅವನು ಪಾಸಾದದ್ದು ಹೇಗೆ?

ನಿನ್ನ ಗೋಡೆಯ ಟಿಪ್ಪಣಿಯ ಪೀಪಾಯಿಯದು ಇಲ್ಲಿ ಒಂದು ಬಾಟಲಿ ಉಳಿದಿದೆ. ಮೊನ್ನೆ ಮತ್ತೆ ರುಚಿ ನೋಡಿದೆ. ಉಪ್ಪು, ಸಕ್ಕರೆ, ಚರ್ಮ ಎಲ್ಲವೂ ಇವೆ. ಕಬ್ಬಿಣ ಮಾತ್ರ ಈ ಸಲವೂ ಸಿಗಲಿಲ್ಲ. ಇಪ್ಪತ್ತೆರಡು ವರ್ಷದಿಂದ ಹುಡುಕುತ್ತಿದ್ದೇನೆ. ನಿನ್ನ ಮೂಗಿಗೆ ನಾನು ಸಮನಲ್ಲ ಬಿಡು.

ಪುಟ್ಟ


ಫೆಬ್ರವರಿ 17

ಪುಟ್ಟನಿಗೆ,

ಹದಿನೇಳರ ಬಗ್ಗೆ ನೀನು ಬರೆದದ್ದು ಸರಿ. ದೊಡ್ಡವನ ಬಗ್ಗೆ ಬರೆದದ್ದು ಸರಿಯಲ್ಲ. ಅವನಿಗೆ ಅಲ್ಲಿಯ ಚಳಿ ಹೊಸದು, ನಿನ್ನ ಮೇಸ್ತ್ರಿಯ ಹಲ್ಲುಕಿರಿತ ಹೊಸದು. ನನ್ನ ಮಗನನ್ನು ನೋಡಿ ಆಳುಮಕ್ಕಳು ಕೆಮ್ಮುವುದನ್ನು ನೀನು ಹೇಗೆ ಸಹಿಸಿದೆ? ನಾನಿದ್ದಿದ್ದರೆ ಆ ಕೆಮ್ಮು ಅವನ ಗಂಟಲಲ್ಲೇ ನಿಲ್ಲುತ್ತಿತ್ತು.

ಇದಕ್ಕೆ ಒಂದೇ ದಾರಿ. ಎಲ್ಲರನ್ನೂ ಕೂರಿಸಿ, ಅವರ ಕಣ್ಣೆದುರೇ ದೊಡ್ಡವನಿಗೆ ಮೂರು ಗ್ಲಾಸಿನ ಪರೀಕ್ಷೆ ಕೊಡು. ಆಮೇಲೆ ಯಾರೂ ಬಾಯಿ ಬಿಡುವುದಿಲ್ಲ. ಗ್ಲಾಸುಗಳನ್ನು ಅಪ್ಪ ಇಡುತ್ತಿದ್ದಂತೆಯೇ ಇಡು: ಬೇರೆ ಮಾಲಿರುವುದನ್ನು ಉಳಿದೆರಡಕ್ಕಿಂತ ಒಂದು ಬೆರಳು ಹಿಂದಕ್ಕೆ. ಬೆಳಕು ಸರಿಯಾಗಿ ಬೀಳಲಿ ಎಂದು ಅವರು ಹಾಗೆ ಮಾಡುತ್ತಿದ್ದರು. ಮರೆಯಬೇಡ.

ಅಕ್ಕ


ಮಾರ್ಚ್ 15

ಅಕ್ಕ,

ತಡವಾಯಿತು. ಏಣಿಯಿಂದ ಬಿದ್ದೆ. ಈಗ ಪರವಾಗಿಲ್ಲ. ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು, ಕಣ್ಣು ಇನ್ನೂ ಉರಿಯುತ್ತದೆ.

ಪರೀಕ್ಷೆ ನಡೆಯಿತು. ನೀನು ಹೇಳಿದ್ದು ನಿಜ, ಈಗ ಯಾರೂ ಬಾಯಿ ಬಿಡುತ್ತಿಲ್ಲ.

ಇಪ್ಪತ್ತೊಂದನೆಯ ಪೀಪಾಯಿ: ಸಿಹಿ ಇದೆ, ಸ್ವಲ್ಪ ಉಪ್ಪು. ನಾಲಗೆ ಸುಡುತ್ತದೆ.
ಇಪ್ಪತ್ತೆರಡು: ಸಿಹಿ ಕಡಿಮೆ. ಕೊನೆಗೆ ಕಹಿ. ಇದೂ ಸುಡುತ್ತದೆ.

ಪುಟ್ಟ


ಮಾರ್ಚ್ 27

ಪುಟ್ಟನಿಗೆ,

ನೀನು ಕಳಿಸಿದ್ದು ಟಿಪ್ಪಣಿಯೋ, ಸಾರಿಗೆ ಉಪ್ಪು ನೋಡಿ ಹೇಳಿದ ಮಾತೋ? ಇಪ್ಪತ್ತೆರಡರ ಬಿರಡೆ ತೆಗೆದಾಗ ಮಹಡಿಯಲ್ಲಿದ್ದ ಹೊಲಿಗೆಯವಳು ಕೆಳಗಿಳಿದು ಬಂದು, "ಏನಮ್ಮಾ, ಎಲ್ಲೋ ಬೆಂಕಿ ಬಿದ್ದಿದೆ" ಅಂದಳು. ಅಷ್ಟು ಹೊಗೆ. ನಿನ್ನ ಕಾಗದದಲ್ಲಿ ಹೊಗೆ ಎಂಬ ಮಾತೇ ಇಲ್ಲ. ಸುಡುತ್ತದೆಯಂತೆ. ಶೇಕಡಾ ಅರುವತ್ತು ದಾಟಿದ್ದು ಸುಡದೆ ತಂಪು ಮಾಡುತ್ತದೆಯೇ?

ದೊಡ್ಡವನು ಎಲ್ಲವನ್ನೂ ಬರೆದಿದ್ದಾನೆ. ರುಚಿ ನೋಡಿದ್ದನ್ನು ಉಗುಳುವ ಬಕೆಟ್ಟನ್ನು ಮಾವ ಮೂಲೆಗೆ ಸರಿಸಿದ್ದಾರೆ, ಸ್ಯಾಂಪಲ್ಲುಗಳನ್ನು ನುಂಗುತ್ತಿದ್ದಾರೆ, ಕುಡಿದೇ ಏಣಿಯಿಂದ ಬಿದ್ದರು ಎಂದು. ನಂಬಲಿಲ್ಲ. ನಿನ್ನ ಟಿಪ್ಪಣಿ ಓದಿದ ಮೇಲೆ ನಂಬಿದೆ.

ನಲವತ್ತು ವರ್ಷದಲ್ಲಿ ನಮ್ಮ ಮನೆಯಲ್ಲಿ ಒಬ್ಬರೂ ನುಂಗಿಲ್ಲ. ಗೋದಾಮಿನ ಬೀಗದ ಕೈಗಳನ್ನೂ, ಪೀಪಾಯಿಯಿಂದ ಮಾಲು ತೆಗೆಯುವ ಅಪ್ಪನ ತಾಮ್ರದ ಕೊಳವೆಯನ್ನೂ ದೊಡ್ಡವನ ಕೈಗೆ ಕೊಡು. ಇನ್ನು ಪಾಸು, ಫೇಲು ಎಲ್ಲ ಅವನ ಮಾತು. ನಿನಗೆ ನಾಚಿಕೆ ಎನ್ನುವುದು ಉಳಿದಿದ್ದರೆ ಉತ್ತರ ಬರೆಯಬೇಡ.

ಅಕ್ಕ


ಏಪ್ರಿಲ್ 9

ಅಕ್ಕ,

ಬೀಗದ ಕೈ ಕೊಟ್ಟೆ. ಕೊಳವೆ ಮೊದಲೇ ಅವನ ಹತ್ತಿರ ಇತ್ತು.

ಪೀಪಾಯಿ ಮೇಸ್ತ್ರಿ ಕೆಲಸ ಬಿಟ್ಟ. ಅವನು ಗಟ್ಟಿ ಪದಾರ್ಥ ಜಗಿಯುವ ಹಾಗಿಲ್ಲ.

ಪುಟ್ಟ


ಏಪ್ರಿಲ್ 30

ಪುಟ್ಟನಿಗೆ,

ಬರೆಯಬೇಡ ಎಂದವಳೇ ಬರೆಯುತ್ತಿದ್ದೇನೆ.

ದೊಡ್ಡವನು ಹದಿನೇಳನ್ನು ಪಾಸು ಮಾಡಿ ಬಾಟಲಿಗೆ ತುಂಬಿಸಿದ್ದಾನೆ. ಮೊದಲ ಪೆಟ್ಟಿಗೆ ನಿನ್ನೆ ಬಂತು. ಅಂಗಡಿಯಲ್ಲಿ ಹಳೆಯ ಗಿರಾಕಿಗಳು ಆರು ಮಂದಿ ಕೂತಿದ್ದರು. ಮಗನ ಮಾತು ನಂಬಿ, ಮೂಸದೆಯೇ, ನಾನೇ ಹೆಮ್ಮೆಯಿಂದ ಬಗ್ಗಿಸಿದೆ. ಔಷಧಿ ಅಂಗಡಿಯವರು ಗ್ಲಾಸನ್ನು ಮೂಗಿನ ಹತ್ತಿರ ತಂದು ಹಾಗೇ ಕೆಳಗಿಟ್ಟು, "ಯಾರೋ ಕೊಳೆತ ಮೊಟ್ಟೆ ಒಡೆದಂಗಿದೆಯಲ್ಲಮ್ಮ" ಅಂದರು. ನಾನು ಕೈಯಲ್ಲಿದ್ದ ಬಾಟಲಿಯನ್ನು ಅವರ ಕಾಲ ಬುಡಕ್ಕೆ ಎಸೆದೆ. ಗಾಜು ಚುಚ್ಚಿ ಅವರ ಕಾಲಿಗೆ ನಾಲ್ಕು ಹೊಲಿಗೆ ಬಿತ್ತು. ಅವರು ಹೇಳಿದ್ದು ಸುಳ್ಳಾಗಿದ್ದರೆ ಎಸೆಯುತ್ತಿರಲಿಲ್ಲ.

ಗಂಧಕ ಇದೆ ಎಂದು ಫೆಬ್ರವರಿಯಲ್ಲಿ ನೀನು ಬರೆದಿದ್ದೆ. ಆಗ ಇದ್ದ ಮೂಗು ಮಾರ್ಚಿನಲ್ಲಿ ಎಲ್ಲಿ ಹೋಯಿತು? ಕುಡಿತಕ್ಕೆ ಮೂಗು ಮಂಕಾಗುತ್ತದೆ, ಒಂದು ತಿಂಗಳಲ್ಲಿ ಸಾಯುವುದಿಲ್ಲ.

ಇದರ ಜೊತೆ ಮೂರು ಸಣ್ಣ ಬಾಟಲಿಗಳಿವೆ. ಎರಡು ಒಂದೇ, ಒಂದು ಬೇರೆ. ಯಾವುದೆಂದು ಬರೆ. ಇದು ಅಕ್ಕನ ಮಾತಲ್ಲ, ಮನೆಯ ಯಜಮಾನಿಯ ಮಾತು.

ಅಕ್ಕ


ಮೇ 18

ಅಕ್ಕ,

ನನಗೆ ಮೂರೂ ಒಂದೇ. ನಿಜಕ್ಕೂ ಒಂದೇ ಇರಬಹುದು, ಇಲ್ಲದಿರಬಹುದು. ತಿಳಿಯುವ ದಾರಿ ನನಗಿಲ್ಲ. ಮಾರ್ಚ್ ಎರಡರಿಂದ ನನಗೆ ವಾಸನೆ ಎಂಬುದಿಲ್ಲ. ನಾಲಗೆಗೆ ಸಿಹಿ, ಉಪ್ಪು, ಕಹಿ ತಿಳಿಯುತ್ತದೆ, ಉರಿ ತಿಳಿಯುತ್ತದೆ. ಅಷ್ಟನ್ನೇ ಬರೆದು ಕಳಿಸಿದೆ. ಏಣಿ ಸುಳ್ಳು.

ಪರೀಕ್ಷೆ ಮಾಡು ಎಂಬ ನಿನ್ನ ಕಾಗದ ಓದಿ ಎರಡು ದಿನ ಯೋಚಿಸಿದೆ. ಅಪ್ಪ ಎಂದೂ ಗ್ಲಾಸನ್ನು ಹಿಂದಕ್ಕಿಟ್ಟವರಲ್ಲ. ದೊಡ್ಡವನು ಮೇಜಿನ ಅಂಚು ನೋಡುವುದೇಕೆಂದು ಆಗ ಹೊಳೆಯಿತು. ಅವನೊಬ್ಬನನ್ನೇ ಕರೆದು ಕೇಳಬಹುದಿತ್ತು. ನಿನಗೆ ಬರೆಯಬಹುದಿತ್ತು. ನಾನು ಮಾಡಿದ್ದೇ ಬೇರೆ. ಊಟ ಮುಗಿಸಿದ ಎಂಟು ಮಂದಿ ಕೆಲಸಗಾರರನ್ನು ಸುತ್ತ ಕೂರಿಸಿ, ಒಂದೇ ಮಾಲಿದ್ದ ಎರಡು ಗ್ಲಾಸುಗಳಲ್ಲಿ ಒಂದನ್ನು ಬೇಕೆಂದೇ ಒಂದು ಬೆರಳು ಹಿಂದಕ್ಕಿಟ್ಟೆ.

ಅವನು ಬಗ್ಗಿ ನೋಡಿದ. ಸಮಾಧಾನದಿಂದ ಉಸಿರು ಬಿಟ್ಟ. ಅದನ್ನೇ ಎತ್ತಿ, "ಇದು ಮಾವ, ಇದೇ ಬೇರೆ" ಅಂದ.

"ಮೂಸದೇ ಹೇಳಿದೆಯಲ್ಲೋ. ಉತ್ತರ ನಿಮ್ಮಮ್ಮ ಬರೆದು ಕಳಿಸಿದ್ದಳಾ?" ಅಂದೆ.

ಎಲ್ಲರೂ ನಕ್ಕರು. ಮೇಸ್ತ್ರಿ ಎಲ್ಲರಿಗಿಂತ ಜೋರಾಗಿ, "ಸಣ್ಣ ಯಜಮಾನ್ರ ಮೂಗು ಕನ್ನಡಕ ಕೂರ್ಸೋಕೆ ಇರೋದು" ಅಂದ.

ದೊಡ್ಡವನು ಗ್ಲಾಸಿನಲ್ಲಿದ್ದದ್ದನ್ನು ನನ್ನ ಕಣ್ಣಿಗೆ ಎರಚಿದ. ಅರುವತ್ತೊಂದರ ಮಾಲು. ಕಣ್ಣಿನೊಳಗೆ ಕೆಂಡ ಇಟ್ಟ ಹಾಗಾಯಿತು, ಏನೂ ಕಾಣಲಿಲ್ಲ. ಅವನ ಕೈಗೆ ಸಿಕ್ಕ ಅಪ್ಪನ ಕೊಳವೆಯ ಮೊದಲ ಏಟು ಮೂಗಿನ ಮೇಲೆ. ಎಲುಬು ಮುರಿದ ಸದ್ದು ಒಳಗಿನಿಂದ ಕೇಳಿಸುತ್ತದೆ, ಅಕ್ಕ, ಕಿವಿಯಿಂದಲ್ಲ. ಎರಡನೆಯದು ಹುಬ್ಬಿನ ಮೇಲೆ. ಹಿಂದಕ್ಕೆ ಬಿದ್ದಾಗ ತಲೆ ಪೀಪಾಯಿಯ ಪಟ್ಟಿಗೆ ಬಡಿಯಿತು. ಬಿಡಿಸಲು ಬಂದ ಮೇಸ್ತ್ರಿಯ ಮೂರು ಹಲ್ಲು ಹೋದವು. "ಮೂಗಿನ ಎಲುಬು ಕೂಡಿಕೊಳ್ಳುತ್ತೆ. ತಲೆಯೊಳಗೆ ವಾಸನೆಯ ನರ ಹರಿದಿದೆ, ಅದು ಕೂಡಲ್ಲ" ಎಂದರು ಡಾಕ್ಟರು.

ನನ್ನ ಮೂಗು ಕೊನೆಯದಾಗಿ ಹಿಡಿದದ್ದು ನನ್ನದೇ ರಕ್ತದ ವಾಸನೆ. ಬೆಚ್ಚಗಿನ ಕಬ್ಬಿಣ.

ನಿನಗೆ ಹೇಳಲಿಲ್ಲ ಏಕೆಂದರೆ ಹೇಳಿದರೆ ಆ ಒಂದು ಬೆರಳಿನ ಮಾತೂ ಹೇಳಬೇಕಾಗುತ್ತಿತ್ತು. ನಿನ್ನದೂ, ನನ್ನದೂ.

ಪುಟ್ಟ


ಜೂನ್ 6

ಪುಟ್ಟನಿಗೆ,

ನಿನ್ನ ಕಾಗದ ಬಂದ ದಿನವೇ ದೊಡ್ಡವನಿಗೆ ತಂತಿ ಕೊಟ್ಟೆ. ಬುಧವಾರ ಮಧ್ಯಾಹ್ನ ಬಂದ. ಕೊಳವೆಯನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದ. ಬಿಚ್ಚಿ ನೋಡಿದೆ, ನಡುವೆ ಬಾಗಿದೆ.

ಅಂಗಡಿಯ ಬಾಗಿಲು ಹಾಕಿ, ಅಪ್ಪನ ಮೇಜಿನ ಮುಂದೆ ಕೂರಿಸಿ, ಮೂರು ಗ್ಲಾಸುಗಳನ್ನು ಒಂದೇ ಗೆರೆಯಲ್ಲಿ ಇಟ್ಟೆ. ಎರಡರಲ್ಲಿ ಏಳನೆಯ ಪೀಪಾಯಿಯದು. ಮೂರನೆಯದರಲ್ಲಿ ಅದಕ್ಕೇ ಎರಡು ಹನಿ ಸೀಮೆಎಣ್ಣೆ ಬೆರೆಸಿದ್ದೆ, ನಿನಗೆ ಕಳಿಸಿದ್ದೂ ಅದೇ. ಅವನು ಮೇಜಿನ ಅಂಚು ನೋಡಿದ. ಆಮೇಲೆ ನನ್ನ ಮುಖ ನೋಡಿದ.

"ಯಾವುದಮ್ಮಾ?" ಅಂದ.

ಹತ್ತು ವರ್ಷದ ಹಿಂದೆ ಪರೀಕ್ಷೆಯ ಬೆಳಿಗ್ಗೆ ಅಡುಗೆಮನೆಯಲ್ಲಿ, "ಹಿಂದಿರೋದನ್ನ ಎತ್ತು, ಆಯ್ತಾ?" ಎಂದು ಅವನ ಕಿವಿಯಲ್ಲಿ ಹೇಳಿದವಳು ನಾನು. ಬರೆದು ಆಯಿತು, ಇನ್ನು ಬಚ್ಚಿಡುವುದಕ್ಕೆ ಏನೂ ಇಲ್ಲ.

"ಯಾವ ಕೈಯಲ್ಲಿ ಮಾವನ್ನ ಹೊಡೆದೆ?" ಎಂದು ಕೇಳಿದೆ. ಬಲಗೈಯನ್ನು ಮೇಜಿನ ಮೇಲೆ ಇಟ್ಟ. ತಾನಾಗಿಯೇ ಇಟ್ಟ, ನಾನು ಹಿಡಿಯಲಿಲ್ಲ. ಕೊಳವೆಯಿಂದ ಹೊಡೆದೆ. ಎರಡು ಏಟಿಗೆ ಗ್ಲಾಸುಗಳು ಉರುಳಿದವು. ಮೂರನೆಯ ಏಟಿಗೆ ಬೆರಳುಗಳು ಮುರಿದವು. ಮುರಿಯಲು ಅವನಿಗೆ ಮೂಗಿರಲಿಲ್ಲ, ಅದಕ್ಕೆ ಕೈ ಮುರಿದೆ.

ಆಸ್ಪತ್ರೆಯಿಂದ ಮನೆಗೆ ಬರಲಿಲ್ಲ. ಕೊಳವೆಯೂ ಇಲ್ಲ. ನಿನ್ನ ಕಡೆಗೇ ಹೊರಟಿರಬೇಕು. ಬಾಗಿಲು ಭದ್ರ ಮಾಡಿಕೊ.

ನಿನ್ನ ಮೂಗಿಗೆ ನ್ಯಾಯ ಕೊಟ್ಟಿದ್ದೇನೆ.

ಅಕ್ಕ


ಜೂನ್ 29

ಅಕ್ಕ,

ಇಂಥ ನ್ಯಾಯವನ್ನು ನಾನು ಕೇಳಿರಲಿಲ್ಲ.

ಅವನು ಬಂದ. ನಿನ್ನ ಕಾಗದ ಎರಡು ದಿನ ಮೊದಲು ಮುಟ್ಟಿತ್ತು. ಮೇಸ್ತ್ರಿಯ ದೊಡ್ಡ ಕೊಡತಿಯನ್ನು ಹಿಡಿದು ಬಾಗಿಲ ಹಿಂದೆ ನಿಂತಿದ್ದೆ. ಒಳಗೆ ಕಾಲಿಟ್ಟವನ ತಲೆಯ ಮೇಲೆ ಎತ್ತಿದ್ದೆ. ಎತ್ತಿದ್ದು ನಿಜ. ಅವನು ತಿರುಗಿಯೂ ನೋಡದೆ ಎಡಗೈಯಿಂದ ಕೊಳವೆಯನ್ನು ಮೇಜಿನ ಮೇಲಿಟ್ಟ. ಕುರ್ಚಿಯಲ್ಲಿ ಕೂತು, "ಮಾವ, ಹೊಗೆ ಅಂದ್ರೆ ಹೇಗಿರುತ್ತೆ?" ಅಂದ.

ಕೊಡತಿ ಕೆಳಗಿಟ್ಟೆ. ನನಗೂ ಅದು ಮರೆಯುತ್ತಾ ಬಂದಿದೆ. ನೆನಪಿರುವಷ್ಟು ಹೇಳಿದೆ.

ಸುದ್ದಿ ತಿಳಿದು ಮೇಸ್ತ್ರಿ ಓಡಿ ಬಂದ. ಬಂದವನೇ ಇವನ ಕೆನ್ನೆಗೆ ಬಾರಿಸಿದ, ತುಟಿ ಒಡೆಯಿತು. ಎರಡನೆಯದಕ್ಕೆ ಕೈ ಎತ್ತಿದಾಗ ಪಟ್ಟಿ ಕಟ್ಟಿದ ಬೆರಳು ಕಂಡವು. "ಇದ್ಯಾರು ಮಾಡಿದ್ದು?" ಎಂದು ಕೇಳಿದ. "ಅಮ್ಮ" ಅಂದ. ಮೇಸ್ತ್ರಿ ಕೈ ಇಳಿಸಿ, ಮೂರು ಲೋಟ ಟೀ ಮಾಡಿ ತಂದ. ಒಬ್ಬನಿಗೆ ವಾಸನೆ ಇಲ್ಲ, ಒಬ್ಬನಿಗೆ ವಾಸನೆಯೂ ಕೈಯೂ ಇಲ್ಲ, ಒಬ್ಬನಿಗೆ ಹಲ್ಲಿಲ್ಲ. ಕೂತು ಕುಡಿದೆವು.

ಆಮೇಲೆ ಅವನು ಒಂದು ವಿಷಯ ಹೇಳಿದ. ಏಳು ವರ್ಷದವನಿದ್ದಾಗ ಅಂಗಡಿಯ ಮೆಟ್ಟಿಲ ಹತ್ತಿರ ಬಿದ್ದನಂತೆ. ಹದಿನೈದು ದಿನ ಹಾಸಿಗೆ. ಎದ್ದ ಮೇಲೆ ಹಾಲು ಸೀದರೂ ತಿಳಿಯುತ್ತಿರಲಿಲ್ಲ. "ಅಮ್ಮ ನೆಗಡಿ ಅಂತಿದ್ರು ಮಾವ, ನಾನೂ ನೆಗಡಿ ಅಂದ್ಕೊಂಡೆ" ಅಂದ. ಹೇಗೆ ಬಿದ್ದೆ ಎಂದು ಕೇಳಿದರೆ ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋದ. ಇಪ್ಪತ್ತೆರಡು ವರ್ಷದ ಹಿಂದಿನ ಮಾತು. ನಿನ್ನ ಗೋಡೆಯ ಟಿಪ್ಪಣಿಗೂ ಅಷ್ಟೇ ವಯಸ್ಸು.

ಆ ಪೀಪಾಯಿಯ ಯಾವ ಬಾಟಲಿಯಲ್ಲೂ ನನಗೆ ಕಬ್ಬಿಣ ಸಿಗಲಿಲ್ಲ. ಗ್ಲಾಸುಗಳನ್ನು ಈ ಸಲ ನೆಟ್ಟಗೆ ಇಟ್ಟಿದ್ದೇನೆ, ಅಕ್ಕ. ಉತ್ತರ ಬರೆ.

ಪುಟ್ಟ


ಜುಲೈ 14

ಪುಟ್ಟನಿಗೆ,

ಗೋಡೆಯ ಕಟ್ಟನ್ನು ಇಳಿಸಿ ಇದರ ಜೊತೆ ಕಳಿಸಿದ್ದೇನೆ. ಗಾಜು ತೆಗೆದಿದ್ದೇನೆ. ಕಾಗದವನ್ನು ದೊಡ್ಡವನ ಎಡಗೈಗೆ ಕೊಡು. ಹರಿದರೆ ಹರಿಯಲಿ. ಗೋದಾಮನ್ನು ಮೇಸ್ತ್ರಿ ನೋಡಿಕೊಳ್ಳಲಿ, ನೀವಿಬ್ಬರೂ ಜೊತೆಗಿರಿ. ಇನ್ನು ಮುಂದೆ ನನಗೆ ಸ್ಯಾಂಪಲ್ ಕಳಿಸಬೇಡಿ. ನನ್ನ ಮೂಗು ಚೆನ್ನಾಗಿಯೇ ಇದೆ. ಅದನ್ನು ನಂಬುವ ಹಾಗಿಲ್ಲ.

ಆ ಪೀಪಾಯಿಯ ಮೊದಲ ಸ್ಯಾಂಪಲ್ ಬಂದ ಬೆಳಿಗ್ಗೆ ನಾನು ಮೇಜಿನ ಮುಂದೆ ಕೂತಿದ್ದೆ. ಬಾಟಲಿ ಬಾಗಿಲ ಹತ್ತಿರದ ಪೆಟ್ಟಿಗೆಯಲ್ಲಿತ್ತು. "ತಾರೋ" ಎಂದು ಕರೆದವಳು ನಾನೇ. ಅವನು ಎರಡೂ ಕೈಯಲ್ಲಿ ಎದೆಗೆ ಅವಚಿಕೊಂಡು ಮೆಟ್ಟಿಲು ಹತ್ತಿ ಬಂದ. ನನ್ನ ಮುಂದೆ ಬಂದ ಮೇಲೆ ಜಾರಿತು. ಒಡೆಯಿತು. ಇದ್ದದ್ದು ಅದೊಂದೇ ಸ್ಯಾಂಪಲ್. ನಾನು ಹಿಂಗೈಯಿಂದ ಹೊಡೆದೆ. ಅಪ್ಪನಷ್ಟೇ ಜೋರಾಗಿ. ಅವನು ಹಿಂದಕ್ಕೆ ಹಾರಿ ಬಿದ್ದ, ತಲೆ ಕಲ್ಲಿನ ಮೆಟ್ಟಿಲಿಗೆ ತಾಗಿತು. ಮೂಗಿನಿಂದ ರಕ್ತ ಇಳಿದು ನೆಲದ ಮೇಲಿದ್ದ ವಿಸ್ಕಿಗೆ ಸೇರಿತು.

ನಾನು ಬಗ್ಗಿದೆ. ಮಗನನ್ನು ಎತ್ತಿಕೊಳ್ಳಲು ಅಲ್ಲ. ಅಷ್ಟು ಒಳ್ಳೆಯ ವಾಸನೆಯನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಆರಿಹೋಗುತ್ತದೆ ಎಂದು ಮೊಣಕಾಲೂರಿ ಮೂಸಿದೆ. ಉಪ್ಪುಗಾಳಿ, ಸುಟ್ಟ ಸಕ್ಕರೆ, ಹಳೆಯ ಚರ್ಮದ ಚೀಲ, ಕೊನೆಯಲ್ಲಿ ಕಬ್ಬಿಣ. ಮರೆಯುವ ಮೊದಲು ಎದ್ದು ಹೋಗಿ, ಪೆನ್ನು ಹುಡುಕಿ, ಬರೆದೆ.

ಬರೆದಾದ ಮೇಲೆ ಅವನನ್ನು ಎತ್ತಿಕೊಂಡೆ.

ಅಕ್ಕ